ಮಿಂಚುಳ್ಳಿ ಸತ್ತ ಭಾನುವಾರ

ಡ್ರೈವಿಂಗ್ ಕಲಿಸುವವರ ಕಾಲು ಅವರ ಮಾತನ್ನೇ ಕೇಳುವುದಿಲ್ಲ. ಬಾಯಿ ಕಲಿಯುವವರಿಗೆ ಧೈರ್ಯ ಹೇಳುತ್ತಿರುತ್ತದೆ, ಕಾಲು ತನ್ನ ಪಾಡಿಗೆ ಬ್ರೇಕಿನ ಮೇಲೆ ಕೂತಿರುತ್ತದೆ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕು ಇರುತ್ತದಲ್ಲ, ಅದನ್ನು ವರ್ಷಗಟ್ಟಲೆ ತುಳಿದ ನಮ್ಮ ಮೇಷ್ಟ್ರು ಈಗ ಸಿನಿಮಾ ನೋಡುವಾಗ ಮುಂದಿನ ಸೀಟಿಗೂ, ಹೆಂಡತಿ ಅವಸರದಲ್ಲಿ ಮೆಟ್ಟಿಲಿಳಿಯುವಾಗ ಬರೀ ನೆಲಕ್ಕೂ ಬ್ರೇಕು ಹಾಕುತ್ತಿದ್ದರು. ಅದೂ ತಮಗೇ ಗೊತ್ತಿಲ್ಲದೆ. ಗೊತ್ತಿದ್ದಿದ್ದರೆ ಆ ಭಾನುವಾರ ಅತ್ತೆಯ ಕೈಗೆ ಸಿಕ್ಕಿಬೀಳುತ್ತಿರಲಿಲ್ಲ.

ಪ್ರತಿ ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಮೇಷ್ಟ್ರ ಮನೆಯ ಮೇಜಿನ ಮೇಲೆ ಒಂದು ಆಟ ನಡೆಯುತ್ತಿತ್ತು. ಇಸ್ಪೀಟಲ್ಲ, ಕೇರಂ ಅಲ್ಲ. ಲೈಸೆನ್ಸ್ ಪರೀಕ್ಷೆಯ ಸರದಿ ಕಾಯುತ್ತಾ ಕಾರಿನಲ್ಲಿ ಕೂತಿದ್ದಾಗ ಒಬ್ಬಳು ವಿದ್ಯಾರ್ಥಿನಿ ಹೇಳಿಕೊಟ್ಟ ಆಟ. ಒಬ್ಬರು ಕಥೆ ನಡೆಸಬೇಕು, ಉಳಿದವರು ಅದರೊಳಗೆ ಓಡಾಡಬೇಕು. "ಮುಂದೆ ಪಾಳುಬಿದ್ದ ಕೋಟೆ ಇದೆ, ಬಾಗಿಲು ಅರ್ಧ ತೆರೆದಿದೆ, ಏನು ಮಾಡ್ತೀರಿ?" ಎಂದು ಕಥೆ ನಡೆಸುವವರು ಕೇಳುತ್ತಾರೆ. ಒಳಗೆ ನುಗ್ಗುತ್ತೀರೋ, ಕಲ್ಲು ಎಸೆದು ನೋಡುತ್ತೀರೋ, ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸಾಗುತ್ತೀರೋ, ಅದು ನಿಮ್ಮ ಬುದ್ಧಿಗೆ ಬಿಟ್ಟದ್ದು. ಅಪಾಯ ಇದ್ದ ಕಡೆ ಮಾತ್ರ ದಾಳ ಹಾಕಬೇಕು. ನಿಯಮಗಳನ್ನೆಲ್ಲ ಒಂದು ಪೋಸ್ಟ್‌ಕಾರ್ಡಿನ ಹಿಂದೆ ಬರೆದರೂ ವಿಳಾಸಕ್ಕೆ ಜಾಗ ಮಿಕ್ಕುತ್ತಿತ್ತು. ಉಳಿದದ್ದಕ್ಕೆಲ್ಲ ಕಥೆ ನಡೆಸುವವರು, ಅಂದರೆ ಮೇಷ್ಟ್ರು, ಹೇಳಿದ್ದೇ ತೀರ್ಪು. ಒಂದು ಮಾತ್ರ ಖಂಡಿತ. ಈ ಆಟದಲ್ಲಿ ಸಾವು ನಿಜವಾದ ಸಾವು. ಸತ್ತವರು ಮೂಗು ಒರೆಸಿಕೊಂಡು ಹೊಸ ಹೆಸರಿಟ್ಟುಕೊಂಡು ಮತ್ತೆ ಬರಬೇಕು.

ಮೇಷ್ಟ್ರ ಹೆಂಡತಿಗೆ ಫೋನಿನಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸ. ವಾರವಿಡೀ "ಕ್ಷಮಿಸಿ ಸಾರ್, ಕ್ಷಮಿಸಿ ಮೇಡಂ" ಎಂದು ಹೇಳಿ ಹೇಳಿ, ಭಾನುವಾರ ಕೈಗೆ ಕತ್ತಿ ಸಿಕ್ಕಿದ್ದೇ ತಡ, ಎದುರಿಗೆ ಬಂದದ್ದು ರಾಕ್ಷಸನೋ ದಾರಿಹೋಕನೋ ಎಂದು ವಿಚಾರಿಸುವ ತಾಳ್ಮೆ ಆಕೆಗೆ ಉಳಿದಿರುತ್ತಿರಲಿಲ್ಲ. ಹೀಗಾಗಿ ಆಕೆಯ ವೀರನಾರಿಯರು ಸಾಲಾಗಿ ಸಾಯುತ್ತಿದ್ದರು. ಕೆಳಗಿನ ಮಹಡಿಯಲ್ಲಿ ಬೀಗ ರಿಪೇರಿ ಅಂಗಡಿ ಇಟ್ಟಿದ್ದ ಬೀಗದಣ್ಣ ಮಂತ್ರವಾದಿ. ಕಥೆಯಲ್ಲಿ ಬೀಗ ಹಾಕಿದ ಪೆಟ್ಟಿಗೆ ಎದುರಾದರೆ ಮುಖ ತಿರುಗಿಸಿ, "ಇವತ್ತು ರಜಾ ಕಣ್ರೀ, ನಾನು ಮುಟ್ಟಲ್ಲ" ಅನ್ನುತ್ತಿದ್ದ. ಅವನ ಮಂತ್ರವಾದಿಗಳೂ ಹೆಚ್ಚು ದಿನ ಬಾಳಿದವರಲ್ಲ. ಮೂರನೆಯವರು ಅತ್ತೆ, ಅಂದರೆ ಮೇಷ್ಟ್ರ ಹೆಂಡತಿಯ ತಾಯಿ. ಆಟದಲ್ಲಿ ಅವರು ಮಿಂಚುಳ್ಳಿ ಎಂಬ ಹೆಸರಿನ ಕಳ್ಳಿ. ಮೊದಲ ಭಾನುವಾರ ಹುಟ್ಟಿದ ಆ ಮಿಂಚುಳ್ಳಿ ಇನ್ನೂ ಗಟ್ಟಿಮುಟ್ಟಾಗಿ ಬದುಕಿದ್ದಳು.

ಅತ್ತೆ ಕೆಲಸದಿಂದ ನಿವೃತ್ತರಾಗುವ ತನಕ ಮನೆಮನೆಗೆ ಟಪಾಲು ಹಂಚಿದವರು. ಯಾವ ಕಟ್ಟಡದ ಮೆಟ್ಟಿಲು ಕಡಿದು, ಯಾವ ಮನೆಯ ನಾಯಿ ಬೊಗಳುವುದಷ್ಟೇ, ಯಾವುದು ಕಚ್ಚುತ್ತದೆ, ಎಲ್ಲ ಬಲ್ಲವರು. ಅಂಥವರು ಹೋದ ಚಳಿಗಾಲದಲ್ಲಿ ತಮ್ಮದೇ ಮನೆಯ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಮಗಳು ತನ್ನ ಮನೆಗೆ ಕರೆತಂದಳು. ಅಂದಿನಿಂದ ಅವರಿಗೆ ಕುರ್ಚಿ ಹತ್ತುವಂತಿಲ್ಲ, ಬಕೆಟ್ಟು ಎತ್ತುವಂತಿಲ್ಲ, ಬಾಲ್ಕನಿಗೆ ಹೋದರೆ ಹಿಂದೆ ಒಬ್ಬರು ಬರಬೇಕು. ಅವರಿಗೆ ಇದ್ದದ್ದು ಒಂದೇ ಆಸೆ. ದೂರದ ಊರಿನಲ್ಲಿ ಅಕ್ಕ ಇದ್ದಾರೆ, ಆಕೆ ಮನೆ ಬಿಟ್ಟು ಬರುವ ಸ್ಥಿತಿಯಲ್ಲಿಲ್ಲ. ಬಸ್ಸು ಹತ್ತಿ ಅಲ್ಲಿಗೆ ಒಬ್ಬರೇ ಹೋಗಿ ಒಂದಷ್ಟು ದಿನ ಇದ್ದು ಬರಬೇಕು.

"ಕಾರಲ್ಲಿ ನಾವೇ ಬಿಟ್ಟು ಬರ್ತೀವಮ್ಮ" ಎಂದಿದ್ದಳು ಮಗಳು.

"ಜೀವಮಾನವಿಡೀ ಪಾರ್ಸೆಲ್ ಹಂಚಿದವಳು ನಾನು. ಈಗ ನಾನೇ ಪಾರ್ಸೆಲ್ ಆಗ್ಲಾ?"

"ಡಾಕ್ಟರು ಬೇಡ ಅಂದಿದಾರೆ. ಇನ್ನೂ ಮೂಳೆ ಕೂಡಿಲ್ವಂತೆ."

ಇದು ಹಸಿ ಸುಳ್ಳು. ಡಾಕ್ಟರು ಹೇಳಿದ್ದೇ ಬೇರೆ. ಅತ್ತೆ ಎಕ್ಸ್‌ರೇ ಕೋಣೆಯಲ್ಲಿದ್ದಾಗ ಇತ್ತ ಚಿತ್ರ ನೋಡಿದ ಡಾಕ್ಟರು ಮಗಳು-ಅಳಿಯನನ್ನು ಕರೆದು, ಮೂಳೆ ಚೆನ್ನಾಗಿ ಕೂಡಿದೆ, ಕೋಲು ಹಿಡಿದು ಎಲ್ಲಿಗೆ ಬೇಕಾದರೂ ಹೋಗಲಿ, ಆದರೆ ಇನ್ನೊಮ್ಮೆ ಬಿದ್ದರೆ ಮೇಲೇಳುವುದು ಕಷ್ಟ, ಬೀಳುವುದಿಲ್ಲ ಎಂದು ನಾನು ಬರೆದುಕೊಡಲಾರೆ ಎಂದಿದ್ದರು. ಮಗಳ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಆಸ್ಪತ್ರೆಯ ಕಾರಿಡಾರಿನಲ್ಲೇ ಗಂಡನ ಕೈ ಹಿಡಿದು, "ಅಮ್ಮನಿಗೆ ಹೇಳ್ಬೇಡಿ, ಹೇಳಿದ್ರೆ ನಾಳೆನೇ ಹೊರಡ್ತಾಳೆ" ಎಂದಳು. ಮೇಷ್ಟ್ರು ಹೂಂ ಎಂದರು. ಹೂಂ ಎನ್ನುವುದೇನು ಕಷ್ಟ ಹೇಳಿ, ತುಟಿಯನ್ನು ಬಿಚ್ಚುವ ಕೆಲಸವೂ ಇಲ್ಲ.

ಆ ಭಾನುವಾರ ಆಟದಲ್ಲಿ ಕೋಟೆಯ ಗೋಪುರದ ಸರದಿ. ಹೊಸ ಸೀಟ್ ಕವರ್ ಬಂದಿದ್ದ ರಟ್ಟಿನ ಪೆಟ್ಟಿಗೆಯ ಒಂದು ಮಗ್ಗುಲನ್ನು ಮೇಷ್ಟ್ರು ಎದುರಿಗೆ ನಿಲ್ಲಿಸಿಕೊಂಡು, ಅದರ ಹಿಂದೆ ತಾವೇ ದಾಳ ಹಾಕುತ್ತಿದ್ದರು.

"ಮರದ ಮೆಟ್ಟಿಲು. ಗೆದ್ದಲು ಹಿಡಿದಿದೆ. ಮೇಲಿಂದ ಏನೋ ಹೊಳೀತಿದೆ."

"ನಾನು ಹತ್ತುತೀನಿ" ಎಂದರು ಅತ್ತೆ.

"ಅಮ್ಮ, ನೋಡ್ಕೊಂಡು" ಎಂದಳು ಮಗಳು, ಆಟದ ಮೆಟ್ಟಿಲು ಎಂಬುದನ್ನೂ ಮರೆತು.

ಮೇಷ್ಟ್ರು ದಾಳ ಹಾಕಿದರು. ಒಂದು. ಒಂದು ಬಿದ್ದರೆ ಮೆಟ್ಟಿಲು ಮುರಿಯಬೇಕು, ಮಿಂಚುಳ್ಳಿ ಪಾತಾಳ ಸೇರಬೇಕು. ಮೇಷ್ಟ್ರು ರಟ್ಟಿನ ಮೇಲಿಂದ ಅತ್ತೆಯ ಮುಖ ನೋಡಿದರು. "ನಾಲ್ಕು. ಮೆಟ್ಟಿಲು ಕಿರುಗುಟ್ಟಿತು ಅಷ್ಟೆ" ಎಂದರು.

ಮೇಲೆ ಹೊಳೆಯುತ್ತಿದ್ದದ್ದು ಒಂದು ಕಿರೀಟ. ಮಿಂಚುಳ್ಳಿ ಕೈ ಹಾಕಿದಳು. ಗೋಡೆಯಿಂದ ವಿಷದ ಮುಳ್ಳು ಹಾರಿತು. ಮತ್ತೆ ದಾಳ, ಮತ್ತೆ ಒಂದು. ಮೇಷ್ಟ್ರು ಕೆಮ್ಮಿ, "ಐದು, ಕೂದಲೆಳೆ ಅಂತರದಲ್ಲಿ ಹೋಯ್ತು" ಎಂದರು.

ಅತ್ತೆ ಕೈಯಲ್ಲಿದ್ದ ಪೆನ್ಸಿಲನ್ನು ಮೇಜಿನ ಮೇಲಿಟ್ಟರು.

"ಅಳಿಯಂದ್ರೇ, ನಿಮ್ಮ ಕಾಲು ಏನ್ಮಾಡ್ತಾ ಇದೆ?"

"ಕಾಲಾ? ಏನಿಲ್ವಲ್ಲ."

"ಮೇಜಿನ ಕೆಳಗೆ ಅಡ್ಡಪಟ್ಟಿ ಇದೆ. ಅದರ ಮೇಲೆ ನಾನು ಕಾಲಿಟ್ಟುಕೊಂಡಿದೀನಿ. ನಾನು ಮೆಟ್ಟಿಲು ಹತ್ತುವಾಗ ಅದನ್ನ ಜೋರಾಗಿ ಒತ್ತಿದ್ರಿ. ಕಿರೀಟ ಮುಟ್ಟಿದಾಗ ಮತ್ತೆ ಒತ್ತಿದ್ರಿ. ಹೋದ ವಾರ ಬಾವಿಗೆ ಇಳಿದಾಗಲೂ ಒತ್ತಿದ್ರಿ. ನೀವು ಒತ್ತಿದಾಗಲೆಲ್ಲ ನಾನು ಬದುಕ್ತೀನಿ." ಅತ್ತೆ ಮಗಳ ಕಡೆ ತಿರುಗಿದರು. "ನೀನು ಆ ಕಿಟಕಿಯಿಂದ ಧುಮುಕ್ತೀನಿ ಅನ್ನು."

"ನಾನ್ಯಾಕಮ್ಮ ಧುಮುಕ್ಲಿ?"

"ಅನ್ನೇ ಸುಮ್ನೆ."

"ಸರಿ, ಧುಮುಕ್ತೀನಿ."

ಎಲ್ಲರೂ ಉಸಿರು ಬಿಗಿಹಿಡಿದು ಕಾದರು. ಮೇಜಿನ ಕೆಳಗಿನ ಪಟ್ಟಿ ಮಿಸುಕಲಿಲ್ಲ.

"ನಾನು ಸತ್ರೆ ಪರವಾಗಿಲ್ವಾ ನಿಮಗೆ?" ಎಂದು ಹೆಂಡತಿ ಗಂಡನನ್ನು ತಿರುಗಿ ನೋಡಿದಳು. ಬೀಗದಣ್ಣ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. "ಅಮ್ಮಾವ್ರೇ, ನೀವು ಸಾಯೋದೇ ಇಲ್ಲ ಅಂತ ನನಗೂ ಅನುಮಾನ ಇತ್ತು. ವಯಸ್ಸಾದವರ ಪುಣ್ಯ ಅಂದ್ಕೊಂಡಿದ್ದೆ" ಎಂದ.

ಅತ್ತೆ ಮಾತ್ರ ನಗಲಿಲ್ಲ. ಮೇಷ್ಟ್ರು ಇಂಗು ತಿಂದ ಮಂಗನಂತೆ ಕೂತಿದ್ದರು.

"ಮನೆಯಲ್ಲಂತೂ ಯಾರೂ ಏನೂ ಮಾಡಕ್ಕೆ ಬಿಡಲ್ಲ. ಇಲ್ಲಾದ್ರೂ ನಾನೇ ನಡೀತಿದೀನಿ ಅಂದ್ಕೊಂಡಿದ್ದೆ" ಎಂದರು ಅತ್ತೆ. "ಬಾವಿ ಇಳಿದಿದ್ದು, ಕಾವಲುಗಾರನ ಕಣ್ಣಿಗೆ ಹಿಟ್ಟು ಎರಚಿದ್ದು, ಎಲ್ಲ ನನ್ನ ಜಾಣತನ ಅಂತ ಅಕ್ಕನಿಗೆ ಫೋನಲ್ಲಿ ಕೊಚ್ಚಿಕೊಂಡಿದ್ದೆ. ಅದೂ ನಿಮ್ಮ ಕಾಲಿನ ಕೆಲಸಾನಾ?"

ಕೋಲು ಹಿಡಿದು ಎದ್ದು ತಮ್ಮ ಕೋಣೆಗೆ ಹೋದರು. ಬಾಗಿಲನ್ನು ದಡಾರನೆ ಹಾಕಲೂ ಇಲ್ಲ, ಮೆಲ್ಲಗೆ ಮುಚ್ಚಿಕೊಂಡರು. ಮೇಷ್ಟ್ರಿಗೆ ಅದೇ ಹೆಚ್ಚು ಚುಚ್ಚಿತು.

ಆ ವಾರ ಅತ್ತೆ ಅಳಿಯನ ಜೊತೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಎಷ್ಟೋ ವಾಸಿ ಇತ್ತು. "ಚಹಾ ತಗೊಳ್ಳಿ", "ಫೋನ್ ಬಂದಿತ್ತು", "ಆಗಲಿ" ಎಂದು ಪೋಸ್ಟಾಫೀಸಿನ ಕಿಟಕಿಯ ಹಿಂದೆ ಕೂತವರ ಹಾಗೆ ಮಾತಾಡಿದರು. ಮೇಷ್ಟ್ರಿಗೆ ಅತ್ತೆ ಎಂದರೆ ನಿಜಕ್ಕೂ ಇಷ್ಟ. ಆ ಇಷ್ಟವನ್ನು ತೋರಿಸಲು ಹೋಗಿ ಎಡವಟ್ಟು ಮಾಡಿಕೊಂಡಿದ್ದು ಬೇರೆ ವಿಷಯ.

ಗುರುವಾರ ಕಾರಿನಲ್ಲಿ ಅವರ ಪಕ್ಕ ಕೂತು ಕಲಿಯುತ್ತಿದ್ದದ್ದು ಒಬ್ಬ ಕ್ಷೌರದವನು. ಸರ್ಕಲ್ಲಿನ ಹತ್ತಿರ ಕಾರು ಗಕ್ಕನೆ ನಿಂತಿತು.

"ನೀವು ನಿಲ್ಲಿಸಿದ್ರಾ ಸಾರ್?"

"ಹೌದು. ಎದುರಿಗೆ ಲಾರಿ ಇತ್ತು, ಕಾಣಿಸ್ಲಿಲ್ವಾ?"

"ಕಾಣಿಸ್ತು ಸಾರ್, ನಿಲ್ಲಿಸೋಣ ಅಂತಿದ್ದೆ. ಬಾಯಲ್ಲಿ ಹೇಳಿದ್ರೆ ನಾನೇ ನಿಲ್ಲಿಸ್ತಿದ್ದೆ. ನೀವು ಹೀಗೆ ಮಾಡಿದ್ರೆ ನನಗೆ ಬಂತೋ ಇಲ್ವೋ ಅಂತ ಗೊತ್ತಾಗೋದು ಹೇಗೆ?"

ಅವನು ಮೂತಿ ಉಬ್ಬಿಸಿಕೊಂಡು ಗೇರು ಬದಲಿಸಿದ. ಮೇಷ್ಟ್ರು ದಾರಿಯುದ್ದಕ್ಕೂ ಲಾರಿ, ಗುಂಡಿ, ಸೈಕಲ್ಲು ಎಂದು ಬಾಯಲ್ಲೇ ಹೇಳುತ್ತಾ ಹೋದರು. ಕ್ಷೌರದವನು ಎಲ್ಲ ಕಡೆಯೂ ತಾನೇ ನಿಲ್ಲಿಸಿದ, ಒಂದು ಕಡೆ ಬಿಟ್ಟು. ಅಲ್ಲಿ ಒಂದು ಕಸದ ಡಬ್ಬಿ ಬಿತ್ತು, ಇಬ್ಬರೂ ಇಳಿದು ಎತ್ತಿ ನಿಲ್ಲಿಸಿದರು.

ಸಂಜೆ ಮೇಷ್ಟ್ರು ಹೆಂಡತಿಯ ಹತ್ತಿರ ಮೆಲ್ಲಗೆ ವಿಷಯ ಎತ್ತಿದರು. "ಡಾಕ್ಟರ್ ಹೇಳಿದ್ದನ್ನ ಅತ್ತೆಗೆ ಹೇಳಿಬಿಡೋಣ್ವಾ?"

"ಆಟದಲ್ಲಿ ಏನಾದ್ರೂ ಮಾಡ್ಕೊಳ್ಳಿ. ಅಮ್ಮನ ವಿಷಯಕ್ಕೆ ಕೈ ಹಾಕ್ಬೇಡಿ" ಎಂದಳು ಆಕೆ. ದನಿ ಗಡುಸಾಗಿತ್ತು, ಕಣ್ಣು ಮಾತ್ರ ಒದ್ದೆಯಾಗಿತ್ತು. ಮೇಷ್ಟ್ರು ಮತ್ತೆ ಹೂಂ ಎಂದರು.

ಭಾನುವಾರ ಬಂತು. ಬೀಗದಣ್ಣ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದು ಕೂತ. ಅತ್ತೆ ಕೋಣೆಯಿಂದ ಹೊರಗೆ ಬರಲಿಲ್ಲ. ಮೇಷ್ಟ್ರು ಹೋಗಿ ಬಾಗಿಲು ತಟ್ಟಿದರು.

"ಅತ್ತೆ, ರಟ್ಟು ಹರಿದು ಕಸಕ್ಕೆ ಹಾಕಿದೀನಿ. ದಾಳ ಇನ್ಮೇಲೆ ಮೇಜಿನ ಮಧ್ಯೆ, ಎಲ್ಲರ ಕಣ್ಣೆದುರಿಗೆ."

"ಯಾರು ಹಾಕೋದು?"

"ನಿಮ್ಮದು ನೀವೇ ಹಾಕಿ."

"ಬಿದ್ದದ್ದು ಬಿದ್ದ ಹಾಗೆ?"

"ಬಿದ್ದ ಹಾಗೆ. ಎಷ್ಟು ಅಪಾಯ ಅಂತ ಮೊದಲೇ ಬಾಯಿಬಿಟ್ಟು ಹೇಳ್ತೀನಿ. ಹೋಗೋದು ಬಿಡೋದು ನಿಮ್ಮಿಷ್ಟ."

ಒಳಗಿನಿಂದ ಕೋಲಿನ ಸದ್ದು ಕೇಳಿತು.

ಮೇಷ್ಟ್ರು ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿ ಚಕ್ಕಳಮಕ್ಕಳ ಹಾಕಿ ಕೂತರು. ಬೀಗದಣ್ಣ ಮೇಜಿನ ಕೆಳಗೆ ಬಗ್ಗಿ ನೋಡಿ, "ಸರಿಯಾಗಿದೆ ಅಮ್ಮಾವ್ರೇ, ಕೆಳಗೆ ಯಾರೂ ಇಲ್ಲ" ಎಂದು ವರದಿ ಒಪ್ಪಿಸಿದ. ಅತ್ತೆಯ ತುಟಿಯ ತುದಿ ಒಂಚೂರು ಅಲುಗಿತು.

ಗೋಪುರದ ಕೆಳಗಿನ ನೆಲಮಾಳಿಗೆ. ಅಗಲವಾದ ಹೊಂಡ, ಅದರ ತಳದಲ್ಲಿ ಸುರುಳಿ ಸುತ್ತಿ ಮಲಗಿದ ಕಲ್ಲಿನ ಬಣ್ಣದ ಮಹಾಸರ್ಪ. ಹೊಂಡದ ಮೇಲೆ ಒಂದೇ ಒಂದು ತೊಲೆ. ಆಚೆ ದಡದಲ್ಲಿ ಕೋಟೆಯ ರಾಣಿ ಬಚ್ಚಿಟ್ಟ ದೀಪ.

"ತೊಲೆ ಮೇಲೆ ನಡೆದು ಹೋಗೋದಾದ್ರೆ ದಾಳದಲ್ಲಿ ಒಂದು, ಎರಡು, ಮೂರು ಬಿದ್ರೆ ಕಾಲು ಜಾರುತ್ತೆ" ಎಂದರು ಮೇಷ್ಟ್ರು. "ಜಾರಿದ್ರೆ ಸರ್ಪ ಏಳುತ್ತೆ. ಎದ್ರೆ ನುಂಗುತ್ತೆ. ಅರ್ಧಕ್ಕರ್ಧ."

"ತೊಲೆ ಒದ್ದೆ ಇದ್ಯಾ?"

"ಇದೆ. ಪಾಚಿ."

"ನನ್ನ ಚೀಲದಲ್ಲಿ ಹಿಟ್ಟು ಮಿಕ್ಕಿದೆ. ಎರಚ್ಕೊಂಡು ಹೋಗ್ತೀನಿ. ಚಪ್ಪಲಿ ಬಿಚ್ತೀನಿ. ನಡೆಯಲ್ಲ, ಕುದುರೆ ಮೇಲೆ ಕೂತ ಹಾಗೆ ಕೂತು ಜರುಗ್ತೀನಿ."

ಮೇಷ್ಟ್ರು ಯೋಚಿಸಿದರು. ಯಾವ ನಿಯಮದಲ್ಲೂ ಇದಕ್ಕೆ ಉತ್ತರ ಇರಲಿಲ್ಲ, ತಲೆಯಿಂದಲೇ ತೆಗೆಯಬೇಕಿತ್ತು. "ಹಾಗಾದ್ರೆ ಒಂದು ಬಿದ್ರೆ ಮಾತ್ರ ಜಾರುತ್ತೆ. ಉಳಿದ ಐದರಲ್ಲಿ ಏನು ಬಿದ್ರೂ ದಾಟ್ತೀರಿ. ಆದ್ರೆ ಒಂದು ಬಿದ್ರೆ ಸಾವೇ, ಬೇರೆ ದಾರಿ ಇಲ್ಲ. ಹೋಗ್ತೀರಾ?"

"ಹೋಗ್ತೀನಿ."

ಅತ್ತೆ ದಾಳವನ್ನು ಎರಡು ಅಂಗೈ ನಡುವೆ ಕುಲುಕಿ ಬಿಟ್ಟರು. ಅದು ಬಿಸ್ಕತ್ತಿನ ಪೊಟ್ಟಣಕ್ಕೆ ತಾಗಿ, ಉರುಳಿ, ಮೇಜಿನ ಅಂಚಿನಲ್ಲಿ ನಿಂತಿತು.

ಒಂದು.

"ಪೊಟ್ಟಣಕ್ಕೆ ತಾಗ್ತು, ಅದು ಲೆಕ್ಕಕ್ಕಿಲ್ಲ" ಎಂದಳು ಮಗಳು ತಟ್ಟನೆ. "ಇನ್ನೊಂದ್ಸಲ ಹಾಕಮ್ಮ."

ಬೀಗದಣ್ಣ ಪೊಟ್ಟಣವನ್ನು ತಪ್ಪಿತಸ್ಥನಂತೆ ಮಡಿಲಿಗೆ ಎಳೆದುಕೊಂಡ. ಅತ್ತೆ ಯಾರ ಕಡೆಯೂ ನೋಡಲಿಲ್ಲ, ಅಳಿಯನನ್ನೇ ನೋಡುತ್ತಿದ್ದರು. ಆ ಹಾಳು ಮಿಂಚುಳ್ಳಿಯ ಮೇಲೆ ಮೇಷ್ಟ್ರಿಗೂ ಪ್ರೀತಿ ಬೆಳೆದುಬಿಟ್ಟಿತ್ತು.

"ಮಿಂಚುಳ್ಳಿ ಜಾರಿದಳು. ಸರ್ಪ ಕಣ್ಣು ಬಿಡ್ತು. ಸತ್ತಳು, ಅತ್ತೆ" ಎಂದರು.

"ಸರಿಯಾಗಿ ಸತ್ತಳಾ?"

"ಸರಿಯಾಗೇ ಸತ್ತಳು."

"ಹೇಗೆ ಅಂತ ಹೇಳಿ ಮತ್ತೆ. ಇಷ್ಟು ದಿನ ಬದುಕಿದವಳು, ಒಂದೇ ಮಾತಲ್ಲಿ ಮುಗಿಸ್ತೀರಾ?"

ಮೇಷ್ಟ್ರು ಹೇಳಿದರು. ಸರ್ಪ ಹೇಗೆ ಹೆಡೆ ಎತ್ತಿತು, ಮಿಂಚುಳ್ಳಿ ಕೊನೆಯ ಹಿಡಿ ಹಿಟ್ಟನ್ನು ಅದರ ಮೂಗಿಗೆ ಹೇಗೆ ಎರಚಿದಳು, ಅದು ಹೇಗೆ ಸೀನಿತು, ಸೀನಿದ ಮೇಲೂ ಹೇಗೆ ನುಂಗಿತು. ಅತ್ತೆ ಮೊದಲು ಮುಗುಳ್ನಕ್ಕರು, ಸರ್ಪ ಸೀನುವಾಗ ಗೊಳ್ಳೆಂದರು, ಆಮೇಲೆ ಸೊಂಟ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬಿದ್ದ ದಿನದಿಂದ ಆ ಮನೆಯಲ್ಲಿ ಯಾರೂ ಆ ನಗುವನ್ನು ಕೇಳಿರಲಿಲ್ಲ. ಮಗಳು ತಾಯಿಯನ್ನು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡಿದಳು.

"ಈಗ ಇದು ಆಟ" ಎಂದು ಅತ್ತೆ ಕಣ್ಣೊರೆಸಿಕೊಂಡರು. ಒರೆಸಿಕೊಳ್ಳುತ್ತಲೇ, "ಅಳಿಯಂದ್ರೇ, ಇನ್ನೊಂದು ಕೇಳ್ತೀನಿ, ಅದನ್ನೂ ಹೀಗೇ ಹೇಳಿ. ಡಾಕ್ಟರು ಏನಂದ್ರು?" ಎಂದರು.

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಆಕೆ ಬೇಡವೆಂದು ತಲೆಯಾಡಿಸಿದಳು. ಈ ಸಲ ಹೂಂ ಎನ್ನಲು ಅವರಿಂದಾಗಲಿಲ್ಲ.

"ಮೂಳೆ ಕೂಡಿದೆ ಅತ್ತೆ. ಕೋಲು ಹಿಡಿದು ಎಲ್ಲಿಗೆ ಬೇಕಾದ್ರೂ ಹೋಗಬಹುದಂತೆ. ಆದ್ರೆ ಮತ್ತೆ ಬಿದ್ರೆ ಏಳೋದು ಕಷ್ಟ. ಬೀಳಲ್ಲ ಅಂತ ಅವರು ಬರೆದುಕೊಡಲ್ಲ. ಇದಿಷ್ಟೇ ಹೇಳಿದ್ದು. ಮಿಕ್ಕಿದ್ದೆಲ್ಲ ನಾವು ಸೇರಿಸಿದ್ದು."

ಬೀಗದಣ್ಣ ಕಿಟಕಿಯ ಆಚೆ ಏನೋ ಬಹಳ ಮುಖ್ಯವಾದದ್ದನ್ನು ನೋಡತೊಡಗಿದ. ಅತ್ತೆ ಮಗಳ ಕಡೆ ತಿರುಗಿದರು. ಬೈಗುಳಕ್ಕೆ ಕಾದು ಕೂತಿದ್ದ ಮಗಳು ತಾನೇ ಮೊದಲು ಬಾಯಿಬಿಟ್ಟಳು.

"ಬಿದ್ದೆ ಅಂತ ಆ ದಿನ ಫೋನ್ ಬಂದಾಗ ನೀನು ಹೋಗೇಬಿಟ್ಟೆ ಅಂದ್ಕೊಂಡೆ ಅಮ್ಮ. ಇನ್ನೊಂದ್ಸಲ ಅಂಥ ಫೋನ್ ಎತ್ತಕ್ಕೆ ನನ್ನ ಕೈಲಿ ಆಗಲ್ಲ. ಅದಕ್ಕೇ ಸುಳ್ಳು ಹೇಳ್ದೆ. ನಂಗೆ ಭಯ ಆಗುತ್ತೆ."

ಅತ್ತೆ ಕೈ ಚಾಚಿ ಮಗಳ ಕೆನ್ನೆ ಹಿಡಿದರು. "ನಂಗೂ ಆಗುತ್ತೆ ಕಣೇ. ಮೆಟ್ಟಿಲು ನೋಡಿದ್ರೆ ಈಗ್ಲೂ ಎದೆ ಡವಡವ ಅನ್ನುತ್ತೆ. ಅಷ್ಟು ಭಯ ಇಟ್ಕೊಂಡೇ ಹೋಗ್ತೀನಿ ಅಂತ ಹೇಳ್ತಿರೋದು. ಈ ಮೂಲೆಯಲ್ಲಿ ಕೂತ್ಕೊಂಡು ಬೀಳದೇ ಇದ್ರೆ ಅಕ್ಕನ ಮುಖ ನೋಡ್ದೇನೇ ಮುಗಿಯುತ್ತೆ."

ಮಗಳು ಮೂಗು ಏರಿಸಿಕೊಂಡಳು. ಮೇಜಿನ ಮೇಲೆ ಬಿದ್ದಿದ್ದ ದಾಳವನ್ನು ಎತ್ತಿ ಸುಮ್ಮನೆ ಕೈಯಲ್ಲಿಟ್ಟುಕೊಂಡಳು. ಕೊನೆಗೆ, ದೂರು ಹೇಳುವ ಗಿರಾಕಿಯ ಎದುರು ಸೋತಾಗ ಬರುವ ದನಿಯಲ್ಲಿ ಕೇಳಿದಳು: "ಬಸ್ಸಿನ ಮೆಟ್ಟಿಲು ಎತ್ತರ ಇರುತ್ತಲ್ಲ. ಹೇಗೆ ಹತ್ತುತೀಯ?"

ಅಷ್ಟು ಸಾಕಾಯಿತು. ಅತ್ತೆ ಕುರ್ಚಿಯನ್ನು ಮೇಜಿಗೆ ಎಳೆದುಕೊಂಡರು. "ಚೆನ್ನಾಗಿರೋ ಕಾಲು ಮೊದಲು ಮೇಲಿಡ್ತೀನಿ. ಕೋಲು, ಪೆಟ್ಟಾದ ಕಾಲು ಆಮೇಲೆ. ಇಳಿಯುವಾಗ ಉಲ್ಟಾ."

"ಕೋಲಿನ ತುದಿ ಸವೆದಿದೆ ಅಮ್ಮಾವ್ರೇ, ಹೊಸ ರಬ್ಬರ್ ನಾನು ಹಾಕ್ಕೊಡ್ತೀನಿ" ಎಂದ ಬೀಗದಣ್ಣ, ಕಿಟಕಿಯಿಂದ ಮುಖ ತಿರುಗಿಸಿ.

"ಬೆಳಗಿನ ಬಸ್ಸಲ್ಲಿ ಜನ ಕಡಿಮೆ. ಬಾಗಿಲ ಹತ್ತಿರದ ಸೀಟು ಸಿಗುತ್ತೆ" ಎಂದರು ಮೇಷ್ಟ್ರು.

"ಮಧ್ಯೆ ನಿಲ್ಲಿಸಿದಾಗ ಅವಸರ ಮಾಡ್ಕೊಂಡು ಇಳೀಬೇಡ. ಎಲ್ಲರೂ ಇಳಿದ ಮೇಲೆ ಇಳಿ" ಎಂದಳು ಮಗಳು. "ಫೋನು ಕೊರಳಿಗೆ ಹಾಕ್ಕೊ. ಚೀಲದಲ್ಲಿಟ್ಟು ಆಮೇಲೆ ಹುಡುಕ್ತಾ ನಿಲ್ಬೇಡ. ಇಷ್ಟೆಲ್ಲ ಮಾಡಿದ್ರೂ ಬೀಳಬಹುದು, ಗೊತ್ತು ತಾನೆ?"

"ಗೊತ್ತು" ಎಂದರು ಅತ್ತೆ.

"ಸರಿ ಹಾಗಾದ್ರೆ, ಹೋಗು" ಎಂದು ಮಗಳು ಎದ್ದು ಹೋಗಿ ಫೋನು ತಂದು ತಾಯಿಯ ಮುಂದಿಟ್ಟಳು.

ಅತ್ತೆ ಕನ್ನಡಕ ಹಾಕಿಕೊಂಡು ನಂಬರು ಒತ್ತಿದರು. ಅಕ್ಕನಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಇಡೀ ಮನೆಗೆ ಕೇಳುವಂತೆ ಕೂಗಬೇಕಾಯಿತು.

"ಅಕ್ಕಾ, ನಾನು ಶುಕ್ರವಾರ ಬರ್ತಿದೀನಿ... ಹೂಂ, ಶುಕ್ರವಾರ... ಏನು? ಯಾರು ಕರ್ಕೊಂಡು ಬರ್ತಾರಾ?" ಅತ್ತೆ ಮಗಳ ಮುಖ ನೋಡಿದರು, ಅಳಿಯನ ಮುಖ ನೋಡಿದರು. "ಯಾರೂ ಇಲ್ಲ ಅಕ್ಕ. ನಾನೇ ಬರ್ತೀನಿ."